ಹಿತ್ತಿಲಲ್ಲಿ ನೇತುಹಾಕಿದ ಮೂರು ತಟ್ಟೆ

ಸ್ಟೀಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಹೆಂಗಸು ನಾನು. ನಮ್ಮ ಅಟ್ಟದ ಮೇಲಿರುವಷ್ಟು ಸ್ಟೀಲು ಹಾಸನದ ಪಾತ್ರೆ ಅಂಗಡಿಗಳಲ್ಲೂ ಇರಲಾರದು. ಹಾಗಾಗಿ, ಮಹಿಳೆಯರ ಏರ್‌ಗನ್ ತರಬೇತಿಯ ಮೇಷ್ಟರು, "ಮನೇಲಿ ಅಭ್ಯಾಸಕ್ಕೆ ಸ್ಟೀಲ್ ಟಾರ್ಗೆಟ್ ಇಟ್ಕೊಳ್ಳಿ ಮೇಡಂ, ಏಟು ಬಿದ್ದದ್ದು ಕಿವಿಗೇ ಗೊತ್ತಾಗುತ್ತೆ" ಎಂದಾಗ ನಾನು ಮುಗುಳ್ನಕ್ಕೆ.

"ಕೊಳ್ಳೋದ್ಯಾಕೆ ಸರ್? ನಾನೇ ಮಾಡ್ತೀನಿ."

ಕಾನ್ವೆಂಟಿನಲ್ಲಿ ಕಸೂತಿಗೆ ಬಹುಮಾನ ಪಡೆದ ಕೈ ಇದು. ಗುರಿಹಲಗೆ ಯಾವ ಮಹಾ!

ಅಟ್ಟ ಹತ್ತಿ, ನಮ್ಮ ಗೃಹಪ್ರವೇಶಕ್ಕೆ ಉಡುಗೊರೆ ಬಂದ ಊಟದ ತಟ್ಟೆಗಳನ್ನು ಬೆರಳಿನಿಂದ ಬಡಿದು ಬಡಿದು, ದನಿ ಚೆನ್ನಾಗಿರುವ ಮೂರನ್ನು ಆರಿಸಿದೆ. ಎಲ್ಲದರ ಬೆನ್ನಿಗೂ ಕೊಟ್ಟವರ ಹೆಸರು ಕೊರೆಸಿತ್ತು. ಒಂದು ಅರಕಲಗೂಡಿನ ನನ್ನ ಅಣ್ಣನದು. ಇನ್ನೊಂದು ಚನ್ನರಾಯಪಟ್ಟಣದ ನನ್ನ ಚಿಕ್ಕಮ್ಮನದು. ತೆಂಗಿನ ತೋಟದಲ್ಲಿ ಕೋತಿ ಹೆದರಿಸುವ ಏರ್‌ಗನ್ನನ್ನು ನನಗೆ ಕೊಟ್ಟವರೂ ಅವರೇ, ಪಾಪ! ಮೂರನೆಯದು, ಎಲ್ಲಕ್ಕಿಂತ ಅಗಲವಾದದ್ದು, ಹೊಳೆನರಸೀಪುರದ ಜಯಮ್ಮನವರದು.

ಜಯಮ್ಮ ನಮ್ಮ ಯಜಮಾನರ ಅಕ್ಕ. ಗೃಹಪ್ರವೇಶದ ಆಲ್ಬಮ್ಮಿನಲ್ಲಿ ಅವರ ಮುಖ ಬಾಳೆಕಂದಿನ ಹಿಂದೆ ಮರೆಯಾಗಿತ್ತೆಂದು ಎರಡು ವರ್ಷದಿಂದ ನಮ್ಮೊಡನೆ ಮಾತು ಬಿಟ್ಟಿದ್ದರು. ಹೊಳೆನರಸೀಪುರದಿಂದ ಯಾರು ಬಂದು ನೋಡುತ್ತಾರೆ ಎಂದುಕೊಂಡೆ.

ವೆಲ್ಡಿಂಗ್ ಶಾಪಿನವನು ತಟ್ಟೆಗಳನ್ನು ತಿರುಗಿಸಿ ನೋಡಿದ. "ಅಕ್ಕಾ, ಉಣ್ಣೋ ತಟ್ಟೆಗೆ ಯಾಕೆ ತೂತು?"

"ಬಂದೂಕಿನ ಗುರಿ ಅಭ್ಯಾಸಕ್ಕಪ್ಪ."

ಅವನು ನನ್ನ ಗಾಜಿನ ಬಳೆಗಳನ್ನು ನೋಡಿದ. ಸ್ವಲ್ಪ ಹಿಂದೆ ಸರಿದ. "ಯಜಮಾನ್ರು ಚೆನ್ನಾಗವ್ರಾ ಅಕ್ಕಾ?"

ಅಂಚಿಗೊಂದು ತೂತು ಕೊರೆಸಿ, ಬಟ್ಟೆ ಒಣಹಾಕುವ ತಂತಿಗೆ ಮೂರನ್ನೂ ಬೆನ್ನು ನನ್ನ ಕಡೆಗಿರುವಂತೆ ಸಾಲಾಗಿ ನೇತುಹಾಕಿದೆ. ಹಿಂದೆ ಹಳೇ ಹಾಸಿಗೆ ನಿಲ್ಲಿಸಿದೆ. ನಡುವಿನ ತಟ್ಟೆಯ ಮಧ್ಯಕ್ಕೆ ಮೆರೂನ್ ಬಣ್ಣದ ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಆ ನಡುವಿನ ತಟ್ಟೆ ಜಯಮ್ಮನವರದು. ದೇವರಾಣೆಗೂ ಅಗಲ ನೋಡಿ ಮಾಡಿದ ಆಯ್ಕೆ ಅದು, ಬೇರೇನಿಲ್ಲ!

ಯಜಮಾನರ ಹೆಲ್ಮೆಟ್ ಧರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಂದಿಗೆ ಗುರಿಯಿಟ್ಟು ಹೊಡೆದೆ. ಠಣ್! ಪಕ್ಕದ ಮನೆಯ ನಂಜುಂಡಪ್ಪನವರು ಕಾಂಪೌಂಡಿನ ಮೇಲಿಂದ ಕೈಮುಗಿದು ಇಣುಕಿದರು.

"ಮಂಗಳಾರತಿ ಆಯ್ತಾ ತಾಯಿ?"

ವಾರವಿಡೀ ದಿನಕ್ಕೆ ಹತ್ತು ಏಟು, ಹತ್ತಕ್ಕೆ ಏಳು ಠಣ್! ಹತ್ತಿರ ಹೋಗಿ ನೋಡುವ ಅಗತ್ಯವೇ ಬೀಳಲಿಲ್ಲ. ಕಿವಿ ಇದೆಯಲ್ಲ! ನನ್ನೊಳಗೆ ಇಂಥ ಪ್ರತಿಭೆಯನ್ನಿಟ್ಟು ಬರೀ ಒಗ್ಗರಣೆ ಹಾಕಿಸಿದ ವಿಧಿಯ ಮೇಲೆ ಕೋಪವೂ ಬಂತು.

ಭಾನುವಾರ ಬೆಳಿಗ್ಗೆ ಯಜಮಾನರು ಫೋನ್ ಹಿಡಿದು ಓಡಿಬಂದರು. "ಶೈಲಾ, ಅಕ್ಕ ಬರ್ತಾ ಇದ್ದಾಳೆ ಕಣೇ, ನಮ್ಮ ಬೀದಿ ತಿರುವಿನಲ್ಲೇ ಇದ್ದಾಳಂತೆ! ಮಗಳ ಮದುವೆ ಕರೆಯೋಕೆ. ಎರಡು ವರ್ಷ ಆದ್ಮೇಲೆ ತಾನಾಗೇ ಬರ್ತಿದ್ದಾಳೆ. ಊಟಕ್ಕೆ ಅವಳು ಕೊಟ್ಟ ತಟ್ಟೇನೇ ಇಡು. ಮರೀಬೇಡ."

ಉಡುಗೊರೆ ಕೊಟ್ಟವರು ಬಂದಾಗ ಅವರ ಪಾತ್ರೆಯಲ್ಲೇ ಬಡಿಸುವುದು ನಮ್ಮಲ್ಲಿ ಕಾನೂನಿಗಿಂತ ದೊಡ್ಡದು. ವಾರದ ಎಪ್ಪತ್ತು ಏಟಿನಲ್ಲಿ ಐವತ್ತರ ಹತ್ತಿರ ತಿಂದ ತಟ್ಟೆ ಈಗ ಜರಡಿಯಾಗಿರಬೇಕು!

ಹಿತ್ತಿಲಿಗೆ ಓಡುವಷ್ಟರಲ್ಲಿ, ಕಾಲು ತೊಳೆಯಲೆಂದು ಮನೆಯ ಪಕ್ಕದಿಂದಲೇ ಬಂದ ಜಯಮ್ಮ ತಂತಿಯ ಮುಂದೆ ನಿಂತಿದ್ದರು.

"ಇದೇನವ್ವ, ತಟ್ಟೆಗಳ್ನ ಲಂಗ ಒಣಗಾಕ್ದಂಗೆ ನ್ಯಾತಾಕಿದ್ದೀಯ?"

"ಗುರಿ ಅಭ್ಯಾಸ ಮಾಡ್ತಾಳೆ ಅಕ್ಕ," ಎಂದುಬಿಟ್ಟರು ಯಜಮಾನರು. ಶಾಲೆಯಲ್ಲಿ ಮಕ್ಕಳಿಗೆ ಸತ್ಯ ಹೇಳಿಕೊಟ್ಟು ಅಭ್ಯಾಸ ಅವರಿಗೆ.

ಜಯಮ್ಮ ಕನ್ನಡಕ ಏರಿಸಿ ಓದಿದರು. "ಇದು ನಿಮ್ಮಣ್ಣಂದು. ಅಯ್ಯೋ, ಏಟು ಬಿದ್ದು ಬಿದ್ದು ಮುಖವೇ ಕೆಟ್ಟೋಗೈತೆ. ಇದು ನಿಮ್ ಚಿಕ್ಕಮ್ಮಂದು. ಇದೂ ಅಂಗೇಯಾ." ನಡುವಿನ ತಟ್ಟೆಗೆ ಬಂದರು. ನಾನು ಕಣ್ಣು ಮುಚ್ಚಿಕೊಂಡೆ.

"ನಂದು!"

ಕಣ್ಣು ಬಿಟ್ಟೆ. ಜಯಮ್ಮನವರ ತಟ್ಟೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಗೀರಿಲ್ಲ! ಬಿಂದಿಯ ಅಂಚು ಕೂಡ ಮುಕ್ಕಾಗಿರಲಿಲ್ಲ!

"ನೋಡ್ಲಾ ತಮ್ಮಾ," ಜಯಮ್ಮ ತಟ್ಟೆಯನ್ನು ಸೆರಗಿನಿಂದ ಒರೆಸಿದರು. "ತೌರಿನೋರ್ ತಟ್ಟೆಗೆಲ್ಲಾ ಒಡ್ದು, ನನ್ ತಟ್ಟೆಗೆ ಕುಂಕುಮ ಇಟ್ಟು ಕಾಪಾಡವ್ಳೆ. ನಾನೇ ತೆಪ್ಪು ತಿಳ್ಕಂಡಿದ್ದೆ."

ಯಜಮಾನರು ನನ್ನ ಕಿವಿಯಲ್ಲಿ ಕೇಳಿದರು. "ನೀನು ಗುರಿ ಇಟ್ಟಿದ್ದು ಯಾವುದಕ್ಕೆ?"

"ಮಧ್ಯದ್ದಕ್ಕೆ."

"ವಾರವೆಲ್ಲಾ?"

"ವಾರವೆಲ್ಲಾ."

ಬಾಂಧವ್ಯ ಉಳಿದಿತ್ತು, ಮಾನ ಹೋಗಿದ್ದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಅಲ್ಲಿಗೇ ತಟ್ಟೆ ಬಿಚ್ಚಿ ತೊಳೆದಿದ್ದರೆ ಎಷ್ಟು ಚೆನ್ನಾಗಿತ್ತು!

"ಒಂದ್ ಏಟು ಒಡ್ದು ತೋರ್ಸು ಮತ್ತೆ," ಎಂದರು ಜಯಮ್ಮ ಉತ್ಸಾಹದಿಂದ. "ನಿಮ್ಮಣ್ಣನ್ ತಟ್ಟೆಗೇ ಒಡಿ."

ಬೇಡವೆಂದರೆ ಅವರಿಗೆ ಬೇಸರ. ಹೆಲ್ಮೆಟ್ ಹಾಕಿದೆ. ಅರಕಲಗೂಡಿನ ತಟ್ಟೆಗೆ, ಉಸಿರು ಬಿಗಿಹಿಡಿದು, ಮೇಷ್ಟರು ಹೇಳಿದಂತೆಯೇ ಗುರಿಯಿಟ್ಟೆ.

ಠಣ್!

ಬಿಂದಿ ಮಾಯವಾಗಿತ್ತು. ಎಪ್ಪತ್ತು ಏಟಿನಲ್ಲಿ ಆಗದ ಕೆಲಸ ಒಂದೇ ಏಟಿಗೆ ಆಗಿತ್ತು. ಸರಿಯಾಗಿ ನಟ್ಟ ನಡುವೆ!

ಊಟಕ್ಕೆ ಜಯಮ್ಮ ಹಟ ಹಿಡಿದು ತಮ್ಮ ತಟ್ಟೆಯನ್ನೇ ಹಾಕಿಸಿಕೊಂಡರು. ಒಳಗೆ ಮಧ್ಯದಲ್ಲೊಂದು ಪುಟ್ಟ ಗುಡ್ಡ ಎದ್ದಿತ್ತು. ಅನ್ನಕ್ಕೆ ಬಡಿಸಿದ ಸಾರು ಗುಡ್ಡದಿಂದಿಳಿದು ಅಂಚಿನ ತೂತು ಹುಡುಕಿಕೊಂಡು ಹೋಯಿತು. ಅವರು ತಟ್ಟೆ ಓರೆ ಮಾಡಿಕೊಂಡು ಉಂಡರು. ನಾನು ನೆಲ ಒರೆಸುತ್ತಾ ಬಡಿಸಿದೆ.

ಕೈತೊಳೆದು ಬಂದವರು ಲಗ್ನಪತ್ರಿಕೆಯನ್ನು ಕೈಯಲ್ಲಿಟ್ಟುಕೊಂಡು ನನ್ನನ್ನು ಬಹಳ ಹೊತ್ತು ನೋಡಿದರು. ಕೊಡುವರೋ, ವಾಪಸು ಚೀಲಕ್ಕೆ ಹಾಕುವರೋ! ಕೊನೆಗೆ ಕುಂಕುಮ ಹಚ್ಚಿ, ಪತ್ರಿಕೆ ನನ್ನ ಕೈಗಿಟ್ಟರು.

"ಮದ್ವೆಗೆ ಮುಂಚೇನೇ ಬಂದ್ಬುಡು ಶೈಲಾ. ಆದ್ರೆ ಅಕ್ಷತೆ ಮಾತ್ರ ಎಣ್ಣು-ಗಂಡಿನ್ ಅತ್ರಕ್ಕೇ ಬಂದು ತಲೆ ಮೇಲೆ ಆಕು ಕಣವ್ವ. ನೀನು ದೂರದಿಂದ ಎಸೆದ್ರೆ ಪಕ್ಕದ್ ಛತ್ರದ ಜೋಡಿಗೆ ಬೀಳ್ತದೆ!"