ಕುಪ್ಪುಸ್ವಾಮಿಯ ಕೆಮ್ಮಿಗೆ ಕೊತ್ತಂಬರಿ ಕಡ್ಡಿ

"ಎರಡು ತಿಂಗಳಲ್ಲ, ಎರಡು ವರ್ಷ ಬೇಕಾದ್ರೂ ಇದ್ದು ಬಾ! ನಾನೇನು ತೊಟ್ಟಿಲ ಕೂಸಾ?"

ಕೆ.ಜಿ.ಎಫ್ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು ಹನುಮಪ್ಪನವರು ಹೆಂಡತಿ ಆದಿಲಕ್ಷ್ಮಿಗೆ ಹೀಗೆ ಅಭಯ ನೀಡಿದರು. ಮಗಳು ಅಕ್ಷರಾಳ ಎರಡನೇ ಬಾಣಂತನಕ್ಕೆಂದು ಆಕೆ ಹೊರಟಿದ್ದು ಕೂಗಳತೆ ದೂರದ ಬಂಗಾರಪೇಟೆಗೆ.

"ಭಾನುವಾರ ಭಾನುವಾರ ಬಂದೋಗಿ."

"ಬೀಗರ ಮನೇಲಿ ತಟ್ಟೆ ಮುಂದೆ ಕೂರೋ ಗಂಡಸಲ್ಲ ನಾನು! ನಾಮಕರಣಕ್ಕೆ ಬತ್ತೀನಿ, ಅಷ್ಟೇ!"

ಮನೆಗೆ ಮರಳಿ ಅವರು ಕೈಗೊಂಡ ಮೊದಲ ಮಹಾಕಾರ್ಯ ಅಡುಗೆಮನೆಯ ಶುದ್ಧೀಕರಣ. ಆದಿಲಕ್ಷ್ಮಿ ಸೊಪ್ಪು ಬಿಡಿಸಿದರೆ ಎಲೆ ಸಾರಿಗೆ, ಕಡ್ಡಿ ಡಬ್ಬಿಗೆ. ನೆಗಡಿಗೆ ಕೊತ್ತಂಬರಿ ಕಡ್ಡಿ, ಹೊಟ್ಟೆ ಉಬ್ಬರಕ್ಕೆ ಪುದೀನ ಕಡ್ಡಿ, ಕೆಮ್ಮಿಗೆ ಎರಡರ ಜೊತೆ ತುಳಸಿ ಕಡ್ಡಿ. ಆ ಡಬ್ಬಿಗಳಲ್ಲಿ ಒಂದು ಆಸ್ಪತ್ರೆಯೇ ಇತ್ತು. "ಈ ಮನೇಲಿ ಬಿಸಾಕೋದು ಅಂತ ಏನಾದ್ರೂ ಐತಾ?" ಎಂದು ಅವರು ರೇಗಿದಾಗಲೆಲ್ಲ ಆಕೆಯದು ಒಂದೇ ಉತ್ತರ: "ಇಪ್ಪತ್ತೊಂಬತ್ತು ವರ್ಷದಿಂದ ನಿಮ್ಮನ್ನೇ ಬಿಸಾಕಿಲ್ಲ, ಕಡ್ಡಿ ಯಾವ ಲೆಕ್ಕ!"

ಹನುಮಪ್ಪನವರು ಬಿಸಾಕಿದರು. ಡಬ್ಬಿ ಡಬ್ಬಿಯೇ ತಿಪ್ಪೆಗೆ ಸುರಿದರು. ಶೆಲ್ಫು ಫಳಫಳ ಹೊಳೆಯಿತು. ನಾಲ್ಕನೇ ದಿನ ಕೆಮ್ಮು ಶುರುವಾಯಿತು.

ಎಂಥ ಕೆಮ್ಮು! ಫ್ಯಾಕ್ಟರಿಯಲ್ಲಿ ಅವರ ಲೇತ್ ಮಷೀನೇ ನಾಚಿಕೊಳ್ಳುವಂಥ ಕೆಮ್ಮು! ಫೋನಿನಲ್ಲಿ ಅದು ಬಂಗಾರಪೇಟೆಗೂ ಕೇಳಿಸಿತು.

"ಯಾರ್ರೀ ಅದು ಕೆಮ್ಮೋದು?"

"ಪಕ್ಕದ ಮನೆ ಕುಪ್ಪುಸ್ವಾಮಿ. ಪಾಪ, ಎರಡು ದಿನದಿಂದ ಇದೇ ಕತೆ."

"ಅಯ್ಯೋ! ಶೆಲ್ಫಲ್ಲಿ ಕಡ್ಡಿ ಅವೆ, ಒಂದಿಡಿ ಕೊಡಿ. ಮೆಣಸು, ಬೆಲ್ಲ ಆಕಿ, ಮೂರು ಲೋಟ ಒಂದು ಲೋಟ ಆಗೋಗಂಟ ಕುದಿಸ್ಬೇಕು ಅಂತೇಳಿ."

ಶೆಲ್ಫಿನಲ್ಲಿ ಹೊಳಪು ಬಿಟ್ಟರೆ ಬೇರೇನೂ ಇರಲಿಲ್ಲ. ಹನುಮಪ್ಪನವರು ಮಾರ್ಕೆಟ್ಟಿಗೆ ಓಡಿ ಕೊತ್ತಂಬರಿ ಕಟ್ಟು ತಂದು, ಬೇರು, ಮಣ್ಣು, ಕಟ್ಟಿದ್ದ ಬಾಳೆನಾರು ಸಮೇತ ಪಾತ್ರೆಗಿಳಿಸಿದರು. ಮೂರು ಲೋಟ ಒಂದಾಗುವುದನ್ನು ಕಾಯುತ್ತಾ ಕುರ್ಚಿಯಲ್ಲಿ ಕಣ್ಣುಮುಚ್ಚಿದರು. ಎಚ್ಚರವಾದಾಗ ಮೂರು ಲೋಟವೂ ಆವಿಯಾಗಿ, ಪಾತ್ರೆ ಕರಕಲಾಗಿ, ಮನೆ ತುಂಬ ಹೊಗೆ! ಕುಪ್ಪುಸ್ವಾಮಿ ಬಕೆಟ್ ನೀರಿನೊಡನೆ ನುಗ್ಗಿದ. "ಅಯ್ಯಯ್ಯೋ, ಎನ್ನ ಸಾರ್ ಇದು! ಮನೆಗೆ ಬೆಂಕಿನಾ?" ಎಂದು ತಮಿಳುಗನ್ನಡದಲ್ಲಿ ಕೂಗುತ್ತಲೇ ಆ ನೀರನ್ನು ಒಲೆಗೂ ಹನುಮಪ್ಪನವರಿಗೂ ಸಮನಾಗಿ ಹಂಚಿದ. ನೆನೆದ ಮೇಲೆ ಕೆಮ್ಮು ದುಪ್ಪಟ್ಟಾಯಿತು.

ಮರುದಿನ ಆದಿಲಕ್ಷ್ಮಿ ಕೇಳಿದಳು, "ಕುಪ್ಪುಸ್ವಾಮಿ ಎಂಗವ್ರೆ?"

ಹನುಮಪ್ಪನವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಒಳಗೆ ಬಳೆ ಸದ್ದಿಲ್ಲ, ಗೊಣಗಾಟವಿಲ್ಲ. ತನ್ನನ್ನು ಬೈಯುವವರೇ ಇಲ್ಲ.

"ಏನೂ ಚೆನ್ನಾಗಿಲ್ಲ. ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ. ಮನೆಯೆಲ್ಲ ಬಿಕೋ ಅಂತೈತಂತೆ."

"ಬಿಕೋ? ಎಂಡ್ತಿ, ಸೊಸೆ, ನಾಲ್ಕು ಮೊಮ್ಮಕ್ಕಳವ್ರಲ್ರೀ ಆ ಮನೇಲಿ!"

"ಅಷ್ಟು ಜನ ಇದ್ರೂ ಅಂಗನ್ಸುತ್ತಂತೆ. ನಾನೇನ್ಮಾಡ್ಲಿ!"

ಆ ಕಡೆ ಬಳೆ ಸದ್ದಾಯಿತು.

"ಕಷಾಯ ಕುಡಿದ್ರಾ?"

"ಕಡ್ಡಿಯೆಲ್ಲ ಖಾಲಿ."

"ಅಂಗಾರೆ ಒಂದು ಕೆಲಸ ಮಾಡಿ. ನಮ್ಮ ಅಕ್ಷರಾನ ಬೀದಿ ಮೂಲೇಲಿ ಅಂಬಿಕ ಅಂತ, ಪಾನಿಪೂರಿ ಅಂಗಡಿ ಇಟ್ಟವ್ಳೆ. ಎಲೆ ತಕ್ಕಂಡು ಬುಟ್ಟಿ ಬುಟ್ಟಿ ಕಡ್ಡಿ ಬಿಸಾಕ್ತಾಳೆ. ಕುಪ್ಪುಸ್ವಾಮಿನ ಅಲ್ಲಿಗೆ ಕಳ್ಸಿ."

ಕೆ.ಜಿ.ಎಫ್‌ನಲ್ಲಿ ಕೊತ್ತಂಬರಿಗೇನೂ ಬರವಿರಲಿಲ್ಲ. ಆದರೆ ಆ ಬೀದಿಯ ಮೂಲೆ! ಬೀಗರ ಮನೆಯ ಹೊಸ್ತಿಲು ತುಳಿಯದೆಯೇ, ಮಹಡಿಯ ಮೇಲೆ ಮಗುವಿನ ಬಟ್ಟೆ ಒಣಹಾಕಲು ಬರುವವಳನ್ನು ಒಂದು ಸಲ ದೂರದಿಂದ ನೋಡಿಕೊಂಡು ಬರಬಹುದು. ಕೊಟ್ಟ ಮಾತೂ ಉಳಿಯುತ್ತದೆ. ಭಾನುವಾರ ಬೆಳಗ್ಗೆ ಹನುಮಪ್ಪನವರು ಮೀಸೆ ತಿದ್ದಿ, ಇಸ್ತ್ರಿ ಶರ್ಟು ತೊಟ್ಟು, ಚೀಲ ಹಿಡಿದು ರೈಲು ಹತ್ತಿದರು.

ಅಂಗಡಿಯಲ್ಲಿ ಅಂಬಿಕ ಸಂಜೆಯ ವ್ಯಾಪಾರಕ್ಕೆ ಸೊಪ್ಪು ಬಿಡಿಸುತ್ತಿದ್ದಳು. ಅವಳ ಪಕ್ಕದಲ್ಲೇ ಬುಟ್ಟಿ ತುಂಬ ಕಡ್ಡಿ! ಹನುಮಪ್ಪನವರು ಮೊದಲು ಮಹಡಿಯತ್ತ ಕಣ್ಣು ಹಾಯಿಸಿದರು. ಬಟ್ಟೆಗಳು ಆಗಲೇ ಒಣಗುತ್ತಿದ್ದವು. ಯಾರೂ ಇರಲಿಲ್ಲ. ಅವರ ಮುಖ ಸಪ್ಪಗಾಯಿತು.

"ಒಸಿ ಕಡ್ಡಿ ಇದ್ರೆ ಕೊಡಮ್ಮ."

"ದನಕ್ಕಾ ಸಾರ್?"

"ಊಂ."

"ಎಷ್ಟು ಲೀಟರ್ ಕೊಡ್ತದೆ?"

ಉತ್ತರ ಕೊಡಲು ಬಾಯಿ ತೆರೆದರೆ ಹೊರಬಂದದ್ದು ಕೆಮ್ಮು. ನಿಲ್ಲದ ಕೆಮ್ಮು. ಅಂಬಿಕ ಸೊಪ್ಪು ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೇನಾ ಸಾರ್, ಕುಪ್ಪುಸ್ವಾಮಿ?"

"ಛೆ ಛೆ! ಕುಪ್ಪುಸ್ವಾಮಿ ನಮ್ಮ ಪಕ್ಕದ ಮನೆ..."

"ಅದೇ ಅದೇ! ಪಕ್ಕದ ಮನೆಯವ್ರಿಗೆ ಅಂತ ಕೇಳ್ಕಂಡು, ತಾವೇ ಕೆಮ್ಕಂಡು ಬತ್ತಾರೆ ಅಂತ ಆದಿಲಕ್ಷ್ಮಕ್ಕ ಮೊನ್ನೆನೇ ಏಳವ್ರೆ."

ಹನುಮಪ್ಪನವರ ಮೀಸೆ ಇಳಿಯಿತು. ಅವರು ಬುಟ್ಟಿಗೆ ಕೈ ಚಾಚಿದರು. ಅಂಬಿಕ ಬುಟ್ಟಿಯನ್ನು ಸರಕ್ಕನೆ ತನ್ನತ್ತ ಎಳೆದುಕೊಂಡಳು.

"ಊಹೂಂ! ಒಂದು ಕಡ್ಡಿನೂ ಕೊಡಂಗಿಲ್ಲ. ಕೊಟ್ರೆ ಅಂಗಿಂದಂಗೇ ರೈಲತ್ತಿ ವಾಪಸ್ ಒಂಟೋಯ್ತಾರೆ ಅಂದವ್ರೆ ಅಕ್ಕ. ಬೇಗ ಮಗಳ ಮನೆಗೋಗಿ ಸಾರ್, ಬೆಳಗ್ಗೆಯಿಂದ ಮೂರು ಸಲ ಕಷಾಯ ಬಿಸಿ ಮಾಡವ್ರಂತೆ!"