ಬಕ್ಕೇಶಪ್ಪನವರ ಪಿಕಪ್

"ಕಾರು ಅಂತ ತಗೊಂಡ್ರೆ ಪಿಕಪ್ ಇರೋ ಕಾರೇ ತಗೊಳ್ಳೋದು. ಇಲ್ಲಾಂದ್ರೆ ಜೀವಮಾನ ಪೂರ್ತಿ ಆಟೋದಾಗ ಅಡ್ಡಾಡ್ತೀನಿ!"

ತೊಂಬತ್ತೆಂಟನೇ ಇಸವಿಯ ಯುಗಾದಿಯ ದಿನ ಬಕ್ಕೇಶಪ್ಪನವರು ಹೀಗೆ ಭೀಷ್ಮ ಪ್ರತಿಜ್ಞೆ ಮಾಡಿದಾಗ ಅವರ ಬಾಯಲ್ಲಿ ಇನ್ನೂ ಅರ್ಧ ಹೋಳಿಗೆ ಇತ್ತು. ಪ್ರತಿಜ್ಞೆಯ ಜೊತೆಗೆ ಒಂದಿಷ್ಟು ಹೂರಣವೂ ಹೊರಬಂದು ಅಂಗಿಯ ಮೇಲೆ ಬಿತ್ತು. ಹೆಂಡತಿ ಉಮಾಮಹೇಶ್ವರಿ ಅದನ್ನು ಒರೆಸುತ್ತ, "ಮೊದ್ಲು ನುಂಗ್ರಿ. ಪಿಕಪ್ ಆಮೇಲೆ ನೋಡೋಣಂತೆ" ಅಂದರು.

ಪಿಕಪ್ ಎಂಬ ಮಂತ್ರೋಪದೇಶ ಬಕ್ಕೇಶಪ್ಪನವರಿಗೆ ಆದದ್ದು ಹಯಾತ್ ಸಾಬರಿಂದ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಬಕ್ಕೇಶಪ್ಪನವರದು ನಲ್ಲಿ, ಪೈಪುಗಳ ಅಂಗಡಿ. ಪಕ್ಕದ್ದೇ ಹಯಾತ್ ಸಾಬರ ಸೀಟ್ ಕವರ್ ಅಂಗಡಿ. ಊರಿಗೆ ಬಂದ ಹೊಸ ಕಾರುಗಳೆಲ್ಲ ಒಂದಲ್ಲ ಒಂದು ದಿನ ಸಾಬರ ಮುಂದೆ ನಿಂತು ಬಟ್ಟೆ ಹಾಕಿಸಿಕೊಂಡೇ ಹೋಗಬೇಕು. ಹೀಗಾಗಿ ಕಾರಿನ ವಿಷಯದಲ್ಲಿ ಆ ಬೀದಿಗೆ ಅವರ ಮಾತೇ ಕೊನೆ.

"ಸಾಹುಕಾರ್ರೆ, ಮೈಲೇಜ್ ಕೇಳೋರು ಲೆಕ್ಕದ ಮಂದಿ. ಡಿಕ್ಕಿ ಎಷ್ಟು ದೊಡ್ಡದು ಅಂತ ಕೇಳೋರು ಸಂಸಾರಸ್ಥರು. ಶೋಕಿ ಮನುಷ್ಯ ಕೇಳೋದು ಒಂದೇ, ಪಿಕಪ್ ಹೆಂಗೈತೆ? ಕಾಲಿಟ್ರೆ ಗಾಡಿ ಮುಂದಕ್ಕೆ ನೆಗೀಬೇಕು, ನಿಮ್ಮ ಬೆನ್ನು ಸೀಟಿಗೆ ಅಂಟಬೇಕು" ಎಂದು ಸಾಬರು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ವಿವರಿಸಿದ್ದರು. ಅಂದಿನಿಂದ ಬಕ್ಕೇಶಪ್ಪನವರ ಬೆನ್ನು ಸೀಟಿಗೆ ಅಂಟಲು ತವಕಿಸುತ್ತಿತ್ತು.

ಹಾಗೆ ಅಂಟಿಸುವ ತಾಕತ್ತಿನ ಕಾರುಗಳು ಆಗ ಎರಡಿದ್ದವು. ಅವುಗಳ ಹೆಸರು ಯಾರ ನಾಲಿಗೆಗೂ ಸರಿಯಾಗಿ ಹೊರಳದ ಕಾರಣ ಬೀದಿಯವರು ಒಂದನ್ನು 'ಜಪಾನು' ಎಂದೂ ಇನ್ನೊಂದನ್ನು 'ಜರ್ಮನಿ' ಎಂದೂ ಕರೆದರು. ಎರಡನ್ನೂ ಹುಬ್ಬಳ್ಳಿಯಿಂದ ತರಿಸಿ ಓಡಿಸಿ ನೋಡಿದ್ದಾಯಿತು. ಜಪಾನಿನ ಇಂಜಿನ್ ಎಷ್ಟು ಮೆತ್ತಗೆ ಅಂದರೆ, ಚಾಲೂ ಆಗಿದ್ದೇ ತಿಳಿಯದೆ ಬಕ್ಕೇಶಪ್ಪನವರು ಮತ್ತೆ ಮತ್ತೆ ಕೀಲಿ ತಿರುಗಿಸಿ ಅದನ್ನು ಕಿರುಚಿಸಿದರು. ಜರ್ಮನಿಯದು ಬಾಗಿಲಿನ ಗತ್ತು. ಹಾಕಿದರೆ 'ಧಡ್' ಎಂದು ಗಂಭೀರವಾದ ಒಂದು ಸದ್ದು. "ಕೇಳ್ರಿ, ಬ್ಯಾಂಕಿನ ತಿಜೋರಿ ಮುಚ್ಚಿದಂಗೈತೆ" ಎಂದು ಸಾಬರು ಕಣ್ಣು ಮುಚ್ಚಿ ತಲೆದೂಗಿದರು.

ಯುಗಾದಿ ಕಳೆದು ಶ್ರಾವಣ ಬಂದರೂ ತೀರ್ಮಾನವಾಗಲಿಲ್ಲ. ಬೆಳಗ್ಗೆ ಜಪಾನು ಗೆದ್ದರೆ ಸಂಜೆ ಜರ್ಮನಿ ಗೆಲ್ಲುತ್ತಿತ್ತು. ಅಂಗಡಿಗೆ ನಲ್ಲಿ ಕೇಳಲು ಬಂದವರೂ ಪಕ್ಷ ಕಟ್ಟಿಕೊಂಡು ವಾದಿಸಿ, ನಲ್ಲಿ ಮರೆತು ಹೋಗುತ್ತಿದ್ದರು.

"ಸೊನ್ನೆಯಿಂದ ನೂರಕ್ಕೆ ಹತ್ತೇ ಸೆಕೆಂಡು ಕಣೇ" ಎಂದು ಬಕ್ಕೇಶಪ್ಪನವರು ರಾತ್ರಿ ಊಟಕ್ಕೆ ಕೂತಾಗ ಹೇಳಿದರು.

"ಆ ನೂರು ಎಲ್ಲಿ ಹೊಡೀತೀರಿ? ನಿಮ್ಮ ಅಂಗಡಿಯಿಂದ ಸರಸ್ವತಿ ನಗರದ ಮನೆಗೆ ಬರೋದ್ರಾಗ ಹೆಜ್ಜೆಗೊಂದು ಹಂಪ್ ಅದಾವೆ."

"ನಿಂಗೆ ತಿಳಿಯಲ್ಲ ಬಿಡು. ಇದು ಜಪಾನಿಗೂ ಜರ್ಮನಿಗೂ ನಡೀತಿರೋ ಮಹಾಯುದ್ಧ."

"ಮಹಾಯುದ್ಧದಾಗ ಅವೆರಡೂ ಒಂದೇ ಕಡೆ ಇದ್ವಲ್ರಿ" ಅಂದರು ಉಮಾಮಹೇಶ್ವರಿ, ಸಾರು ಬಡಿಸುತ್ತ. "ಇಬ್ರೂ ಸೋತಿದ್ರು."

ಕೊನೆಗೂ ಬಕ್ಕೇಶಪ್ಪನವರ ಹೃದಯ ಜಪಾನಿನ ಕಡೆ ವಾಲಿತು. ನಾಳೆ ಹುಬ್ಬಳ್ಳಿಗೆ ಫೋನ್ ಮಾಡಬೇಕು ಎನ್ನುವಾಗ ಹರಿಹರದಿಂದಲೇ ಫೋನ್ ಬಂತು. ಮಾತಾಡಿದ್ದು ಉಮಾಮಹೇಶ್ವರಿಯ ಅಕ್ಕ. ಷಡ್ಡಕ ನಾಗರಾಜಪ್ಪನವರು ಸದ್ದಿಲ್ಲದೆ ಹೋಗಿ ಜಪಾನನ್ನೇ ಮನೆಗೆ ತಂದುಬಿಟ್ಟಿದ್ದರು! ಅಷ್ಟೇ ಆಗಿದ್ದರೆ ಬಕ್ಕೇಶಪ್ಪನವರು ಹೇಗೋ ತಡೆದುಕೊಳ್ಳುತ್ತಿದ್ದರು. ಆದರೆ ನಾಗರಾಜಪ್ಪನವರು ಮೊದಲ ಸವಾರಿಗೇ ಭಾನುವಳ್ಳಿಗೆ ಹೋಗಿ ಅತ್ತೆಯನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ್ದರು.

ಅತ್ತೆ ಹಾಲಮ್ಮನವರು ಭಾನುವಳ್ಳಿಯಲ್ಲಿ ಮಗ, ಸೊಸೆ, ಎಮ್ಮೆ, ಗದ್ದೆ ಎಲ್ಲದರ ಮೇಲೂ ದರ್ಬಾರು ನಡೆಸುತ್ತಿದ್ದವರು. ಹೊಗಳುವುದರಲ್ಲಿ ಬಹಳ ಬಿಗಿ. ಬಕ್ಕೇಶಪ್ಪನವರು ಅವರ ಅಳಿಯನಾಗಿ ಇಷ್ಟು ವರ್ಷವಾಗಿತ್ತು, ಒಂದು ಒಳ್ಳೆಯ ಮಾತು ಅವರ ಬಾಯಿಂದ ಉದುರಿರಲಿಲ್ಲ. ಅಂಥ ಹಾಲಮ್ಮನವರು ಜಪಾನಿನಿಂದ ಇಳಿದು, "ಹರಿಹರದ ಅಳಿಯಂದ್ರ ಕಾರನ್ನ ಮೀರ್ಸೋದು ಇನ್ನೊಂದಿಲ್ಲ ಬಿಡ್ರಿ" ಅಂದರಂತೆ. ಆ ಮಾತು ಬಕ್ಕೇಶಪ್ಪನವರ ಎದೆಯಲ್ಲಿ ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಂತೆ ಸಿಕ್ಕಿಕೊಂಡಿತು. ಮನೆಯಲ್ಲಿ ಮೀನು ತರದವರಿಗೂ ಆ ನೋವು ಅರ್ಥವಾದೀತು.

ಮರುದಿನ ಬಕ್ಕೇಶಪ್ಪನವರು ಅಂಗಡಿಯಲ್ಲಿ, "ನಾನು ಮೊದಲಿಂದಲೂ ಜರ್ಮನಿ ಕಡೆಯೋನೇ" ಎಂದು ಸಾರಿದರು. ಹಯಾತ್ ಸಾಬರು ಒಂದು ಮೆಣಸಿನಕಾಯಿಯನ್ನು ಬಾಯಿಗೆ ತುರುಕಿಕೊಂಡು ನಗು ತಡೆದರು.

ಜರ್ಮನಿ ಸರಸ್ವತಿ ನಗರಕ್ಕೆ ಬಂತು. ಕಡು ನೀಲಿ ಬಣ್ಣ, ಮಿರಮಿರ ಮಿಂಚುವ ಮೈ, ಬಾಗಿಲು ಹಾಕಿದರೆ ಧಡ್! ಪಿಕಪ್ಪಿಗೂ ಕೊರತೆಯಿರಲಿಲ್ಲ. ಆದರೆ ಕಾರು ನೆಲಕ್ಕೆ ತೀರಾ ಹತ್ತಿರ. ಬಕ್ಕೇಶಪ್ಪನವರೊಬ್ಬರೇ ಇದ್ದರೆ ಹಂಪ್ ದಾಟುತ್ತಿತ್ತು. ಹಿಂದೆ ಯಾರಾದರೂ ಕೂತರೆ ಸಾಕು, ಅದರ ಹೊಟ್ಟೆ ಹಂಪಿಗೆ ತಾಗಿ 'ಗರ್ರ್' ಎನ್ನುತ್ತಿತ್ತು. ಆ ಸದ್ದಿಗೆ ಬಕ್ಕೇಶಪ್ಪನವರು ತಮ್ಮ ಸ್ವಂತ ಹೊಟ್ಟೆಯನ್ನೇ ಹಿಡಿದುಕೊಳ್ಳುತ್ತಿದ್ದರು. ಹೀಗಾಗಿ ಮನೆಯಲ್ಲಿ ಹೊಸ ಪದ್ಧತಿ ಜಾರಿಗೆ ಬಂತು. ಹಂಪ್ ಕಂಡ ಕೂಡಲೇ, "ಇಳೀರಿ." ಎಲ್ಲರೂ ಇಳಿಯುವುದು. ಕಾರು ಬಸುರಿಯಂತೆ ಮೆಲ್ಲಗೆ ಹಂಪ್ ದಾಟುವುದು. ಎಲ್ಲರೂ ನಡೆದು ಬಂದು ಮತ್ತೆ ಹತ್ತುವುದು.

"ಮದುವೆ ಮನೆಗೆ ಹೊರಟ್ವಿ, ರೇಷ್ಮೆ ಸೀರೆ ಉಟ್ಕೊಂಡು ದಾವಣಗೆರೆ ತುಂಬ ಹತ್ತಿ ಇಳಿದು ಮಾಡಿದೆ" ಎಂದು ಉಮಾಮಹೇಶ್ವರಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಹೇಳಿದರು. "ಕಾರ್ನಾಗ ಕೂತಿದ್ದಕ್ಕಿಂತ ನಡೆದಿದ್ದೇ ಜಾಸ್ತಿ ಆತು. ಆ ಜಪಾನೂ ಹಿಂಗೇ ಇಳಿಸ್ತೈತೇನ್ರಿ?"

"ಹಂಪ್ ಬಿಡು, ಪಿಕಪ್ ನೋಡು."

"ನೋಡ್ತಾನೇ ಇದೀನಲ್ಲ, ಹೊರಗೆ ನಿಂತ್ಕೊಂಡು."

ಇದಕ್ಕೆಲ್ಲ ಒಂದೇ ಪರಿಹಾರವೆಂದು ಬಕ್ಕೇಶಪ್ಪನವರಿಗೆ ಹೊಳೆಯಿತು. ಅತ್ತೆಯ ಬಾಯಿಂದ ಜರ್ಮನಿಗೂ ಆ ಪ್ರಶಸ್ತಿ ಬರಬೇಕು. 'ನಿಮ್ಮ ಕಾರನ್ನ ಮೀರ್ಸೋದು ಇನ್ನೊಂದಿಲ್ಲ ಬಿಡ್ರಿ.' ಅಷ್ಟು ಸಿಕ್ಕರೆ ಹೆಂಡತಿಯ ಬಾಯಿಯೂ ಮುಚ್ಚುತ್ತದೆ, ಷಡ್ಡಕನ ಮೂತಿಯೂ ಇಳಿಯುತ್ತದೆ. ಕಾರ್ತೀಕದ ಒಂದು ಭಾನುವಾರ ಹೊಸ ಕಾರಿನ ನೆಪದಲ್ಲಿ ಮನೆಯಲ್ಲಿ ಹೋಳಿಗೆ ಊಟ ಇಟ್ಟರು. ಸಾಬರಿಗೂ ಹೇಳಿದರು. ಉಮಾಮಹೇಶ್ವರಿಯ ಅಕ್ಕ ಅಡುಗೆಯ ಸಹಾಯಕ್ಕೆಂದು ಹಿಂದಿನ ದಿನವೇ ಬಂದಿದ್ದರು; ನಾಗರಾಜಪ್ಪನವರು ಊಟದ ಹೊತ್ತಿಗೆ ಬರುವುದಾಗಿ ಹೇಳಿದ್ದರು. ಅತ್ತೆಯನ್ನು ಕರೆತರಲು ಬಕ್ಕೇಶಪ್ಪನವರೇ ಖುದ್ದಾಗಿ ಭಾನುವಳ್ಳಿಗೆ ಹೊರಟರು.

ಹಾಲಮ್ಮನವರು ಒಂದು ಚೀಲ ತೆಂಗಿನಕಾಯಿ ಸಮೇತ ಹಿಂದಿನ ಸೀಟನ್ನು ಅಲಂಕರಿಸಿದರು. ಕಾರು ಒಮ್ಮೆ ನಿಟ್ಟುಸಿರು ಬಿಟ್ಟು ತಗ್ಗಿತು. ವೇಗ ಸ್ವಲ್ಪ ಏರಿದ್ದೇ ತಡ ಅವರು, "ಶಿವ ಶಿವಾ" ಎನ್ನುತ್ತ ಸೀಟಿನ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿಕೊಂಡರು. ಕನ್ನಡಿಯಲ್ಲಿ ಅವರ ತಲೆ ಕಾಣದಾಯಿತು.

"ಹೆಂಗೈತೆ ಅತ್ತೇ?"

"ಊರು ಮುಟ್ಟಿದ ಮ್ಯಾಲೆ ಹೇಳ್ತೀನಿ" ಎಂದು ಕೆಳಗಿನಿಂದ ಧ್ವನಿ ಬಂತು.

ಹರಿಹರ ದಾಟುವಲ್ಲಿ ಶಾಲೆಯೊಂದರ ಮುಂದೆ ಹೊಸದಾಗಿ ಹಾಕಿದ್ದ ಹಂಪ್ ಒಂದು ಗುಡ್ಡದಂತೆ ಎದುರಾಯಿತು. ಬಕ್ಕೇಶಪ್ಪನವರು ಅಳುಕುತ್ತಲೇ, "ಅತ್ತೇ, ಒಂಚೂರು ಇಳೀತೀರಾ? ಕಾರಿನ ಹೊಟ್ಟೆ ತಾಗ್ತೈತೆ" ಅಂದರು. ಹಾದಿಯಲ್ಲಿ ಇದು ಎಷ್ಟನೆಯ ಇಳಿಯುವಿಕೆಯೋ ಹಾಲಮ್ಮನವರು ಲೆಕ್ಕ ಬಿಟ್ಟಿದ್ದರು. ಇಳಿದರು. ಪಕ್ಕದ ಮರದಡಿ ಪೇರಲ ಹಣ್ಣಿನ ಬುಟ್ಟಿ ಕಂಡಿತು, ಅತ್ತ ನಡೆದರು. ಕಾರು ಹಂಪ್ ದಾಟಿ ಆಚೆ ನಿಂತಿತು. ಬಕ್ಕೇಶಪ್ಪನವರು ಕೈ ಹಿಂದೆ ಚಾಚಿ ಅತ್ತೆಗಾಗಿ ಬಾಗಿಲು ತೆರೆದಿಟ್ಟು, ಇಂಜಿನ್ ಚಾಲೂ ಇಟ್ಟುಕೊಂಡು ಕಾದರು.

ಆಗ ಪಕ್ಕಕ್ಕೆ ಬೆಳ್ಳಗೆ ಒಂದು ಕಾರು ಬಂದು ನಿಂತಿತು. ಜಪಾನು. ಕಿಟಕಿಯಲ್ಲಿ ನಾಗರಾಜಪ್ಪನವರ ಮೀಸೆ.

"ಏನ್ ಬಕ್ಕೇಶಿ, ಜರ್ಮನಿ ನಿಂತೇ ಬಿಟ್ಟೈತಲ್ಲೋ. ಕಟ್ಕೊಂಡು ಎಳೀಲೇನು?"

"ಎಳೆಯೋದು ಬ್ಯಾಡ ಅಣ್ಣಾ. ದಾವಣಗೆರೆಯಾಗ ಕಾಯ್ತಿರ್ತೀನಿ, ನಿಧಾನಕ್ಕೆ ಬರ್ರಿ."

"ನೋಡೇಬಿಡಾಣ ತಡಿ" ಎಂದು ನಾಗರಾಜಪ್ಪನವರು ಇಂಜಿನ್ ಗುರುಗುಟ್ಟಿಸಿದರು.

ಆ ಗುರುಗುಟ್ಟುವಿಕೆ ಕಿವಿಗೆ ಬಿದ್ದದ್ದೇ ತಡ, ಬಕ್ಕೇಶಪ್ಪನವರ ಕಾಲು ತಾನೇ ತಾನಾಗಿ ಒತ್ತಿತು. ಜರ್ಮನಿ ನೆಗೆಯಿತು. ನೆಗೆದ ರಭಸಕ್ಕೆ ಹಿಂದಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಧಡ್! ಆ ಗಂಭೀರ ಸದ್ದು ಕೇಳಿ ಬಕ್ಕೇಶಪ್ಪನವರು, ಸದ್ಯ, ಅತ್ತೆ ಹತ್ತಿ ಬಾಗಿಲು ಹಾಕಿಕೊಂಡರು ಎಂದು ನೆಮ್ಮದಿಪಟ್ಟರು. ಕನ್ನಡಿ ನೋಡಿದರು. ತಲೆ ಕಾಣಲಿಲ್ಲ. ಅಡ್ಡಾಗಿರಬೇಕು.

ಆಹಾ, ಏನು ಪಿಕಪ್! ಭಾನುವಳ್ಳಿಯಿಂದ ಇಲ್ಲಿಯ ತನಕ ಏದುಸಿರು ಬಿಡುತ್ತ ಬಂದ ಕಾರು ಇದೇನಾ ಎಂದು ಅವರಿಗೇ ಅನುಮಾನ ಬಂತು. ಕಾರು ಹಗುರಾಗಿತ್ತು, ಮೈಮೇಲೆ ಬಂದಂತೆ ಓಡುತ್ತಿತ್ತು. ಬೆನ್ನು ಸೀಟಿಗೆ ಅಂಟಿತು. ಕನ್ನಡಿಯಲ್ಲಿ ಜಪಾನು ಚಿಕ್ಕದಾಗುತ್ತ, ಚಿಕ್ಕದಾಗುತ್ತ ಹೋಯಿತು. ಅಷ್ಟೇ ಅಲ್ಲ, ಹಿಂದಕ್ಕೆ ಚಲಿಸುತ್ತಿರುವಂತೆಯೂ ಕಂಡಿತು. ತನ್ನ ವೇಗಕ್ಕೆ ಎದುರಾಳಿ ಹಿಮ್ಮುಖವಾಗಿ ಓಡುವಂತೆ ಕಾಣುವುದು ಎಷ್ಟು ಜನರ ಭಾಗ್ಯ!

"ಅತ್ತೇ, ಈಗ ಹೆಂಗೈತೆ?"

ಹಿಂದಿನಿಂದ ಚೀಲದ ತೆಂಗಿನಕಾಯಿ 'ಗುಡುಗುಡು' ಎಂದು ಉರುಳಿತು. ಅತ್ತೆಗೆ ಮಾತೇ ಹೊರಡುತ್ತಿಲ್ಲ ಎಂದು ಬಕ್ಕೇಶಪ್ಪನವರು ಹಿಗ್ಗಿದರು. ಉಳಿದ ಹಾದಿಯುದ್ದಕ್ಕೂ ಅವರಿಗೆ ಕಾರಿನ ಗುಣಗಾನ ಮಾಡಿದರು. ಇಷ್ಟು ಹೊತ್ತು ಅಡ್ಡಿ ಮಾಡದೆ ಅತ್ತೆ ತಮ್ಮ ಮಾತು ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು. ಊರೊಳಗಿನ ಹಂಪ್‌ಗಳೂ ಆ ದಿನ ಒಂದೊಂದಾಗಿ ಶರಣಾದವು. 'ಇಳೀರಿ' ಎನ್ನಲು ಮರೆತರೂ 'ಗರ್ರ್' ಎನ್ನಲೇ ಇಲ್ಲ! ಗೆಲುವಿನ ಅಮಲಿನಲ್ಲಿ ಅದೂ ಜರ್ಮನಿಯ ಮಹಿಮೆ ಎಂದೇ ಅವರು ತಿಳಿದರು.

ಮನೆಯ ಮುಂದೆ ಹಯಾತ್ ಸಾಬರು, ಉಮಾಮಹೇಶ್ವರಿ, ಅವರ ಅಕ್ಕ ಎಲ್ಲ ನಿಂತಿದ್ದರು. ಬಕ್ಕೇಶಪ್ಪನವರು ದಂಡಯಾತ್ರೆ ಮುಗಿಸಿದ ದೊರೆಯಂತೆ ಇಳಿದರು.

"ಜಪಾನು ಸುದ್ದಿಗೇ ಇಲ್ಲ. ಇನ್ನೂ ಹರಿಹರದಾಗೇ ಐತೆ. ಬೇಕಾದ್ರೆ ನಿಮ್ಮವ್ವನ್ನೇ ಕೇಳು."

"ಎಲ್ಲದಾರೆ ಅವ್ವ?"

"ಹಿಂದೆ ಮಲಗ್ಯಾರೆ."

ಉಮಾಮಹೇಶ್ವರಿ ಬಾಗಿಲು ತೆಗೆದರು. ಸೀಟಿನ ಮೇಲೆ ಚೀಲ ಮಲಗಿತ್ತು. ಕೆಳಗೆ ತೆಂಗಿನಕಾಯಿಗಳು ಚೆಲ್ಲಾಡಿದ್ದವು. ಅವರು ಒಂದು ಕಾಯಿ ಎತ್ತಿ ತಿರುಗಿಸಿ ನೋಡಿ, ಗಂಡನ ಕಡೆ ತಿರುಗಿದರು.

"ಇದಲ್ಲ ನಮ್ಮವ್ವ."

"ಹತ್ತಿದ್ರಲ್ಲೇ. ಬಾಗಿಲ ಸದ್ದು ಕೇಳ್ದೆ ನಾನು. ಧಡ್ ಅಂತು."

"ಸದ್ದನ್ನ ಕರ್ಕೊಂಡ್ ಬಂದ್ರಾ ಹಂಗಾರೆ? ನಮ್ಮವ್ವನ್ನ ಎಲ್ಲಿ ಬಿಟ್ರಿ?"

ಹಂಪ್ ನೆನಪಾಯಿತು. ಪೇರಲ ಬುಟ್ಟಿ ನೆನಪಾಯಿತು. ಲಾರಿಗಳು ಬುಸುಗುಡುವ ರಸ್ತೆಯ ಪಕ್ಕದಲ್ಲಿ, ವಯಸ್ಸಾದ ಹೆಂಗಸನ್ನು ನಿಲ್ಲಿಸಿ ಬಂದಿದ್ದೇನೆ ಎಂಬುದು ತಲೆಗೆ ಹೋದ ಕೂಡಲೇ ಬಕ್ಕೇಶಪ್ಪನವರು ಮತ್ತೆ ಕಾರು ಹತ್ತಿದರು. ಜರ್ಮನಿಯೂ ಬೇಡ, ಪಿಕಪ್ಪೂ ಬೇಡ, ಅತ್ತೆ ಸುಖವಾಗಿ ಸಿಕ್ಕರೆ ಸಾಕು ಎಂದು ಮನಸ್ಸಿನಲ್ಲೇ ಕೈಮುಗಿದರು. ಕೀಲಿ ಹಾಕುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು.

ಜಪಾನು ಮೆಲ್ಲಗೆ, ಬಹಳ ಮೆಲ್ಲಗೆ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಮಡಿಲ ತುಂಬ ಪೇರಲ ಹಣ್ಣು ಇಟ್ಟುಕೊಂಡು ಹಾಲಮ್ಮನವರು ಕೂತಿದ್ದರು. ಹೊರಟ ಕ್ಷಣದಲ್ಲೇ ಕನ್ನಡಿಯಲ್ಲಿ ಸೆರಗು ಬೀಸುವುದು ಕಂಡು ನಾಗರಾಜಪ್ಪನವರು ಕಾರನ್ನು ಹಿಂದಕ್ಕೆ ಓಡಿಸಿದ್ದರಂತೆ. ಬಕ್ಕೇಶಪ್ಪನವರು ಓಡಿಹೋಗಿ ತಾವೇ ಬಾಗಿಲು ತೆಗೆದರು. "ತಪ್ಪಾತು ಅತ್ತೇ" ಅಂದರು. ಹಾಲಮ್ಮನವರು ಅವರ ಕೈಗೆ ಒಂದು ಪೇರಲ ಹಣ್ಣು ಇಟ್ಟು, "ಇರ್ಲಿ, ಉಪ್ಪು ಖಾರ ಹಚ್ಚಿದಾರೆ, ತಿನ್ರಿ" ಅಂದರು.

ಹಯಾತ್ ಸಾಬರು ಮಾತ್ರ ವಿಷಯ ಬಿಡಲಿಲ್ಲ. "ಅಮ್ಮಾರೆ, ಎರಡೂ ಗಾಡಿ ನೋಡಿದ್ರಿ. ಈಗ ನೀವೇ ಫೈಸಲ್ ಮಾಡ್ರಿ. ಪಿಕಪ್ ಯಾವುದ್ರದ್ದು ಚಲೋ ಐತೆ?"

"ಪಿಕಪ್ ಅಂದ್ರ ಏನ್ರಪ್ಪಾ?"

ಬಕ್ಕೇಶಪ್ಪನವರು ಬಾಯಿ ತೆರೆಯುವ ಮುಂಚೆಯೇ ಉಮಾಮಹೇಶ್ವರಿ ಹೇಳಿದರು. "ದಾರಿಯಾಗ ನಿಂತೋರ್ನ ಹತ್ತಿಸ್ಕೊಂಡು ಮನೆಗೆ ಮುಟ್ಟಿಸೋದವ್ವಾ."

"ಹಂಗಾರೆ ಕೇಳೋದೇನೈತೆ, ಹರಿಹರದ ಅಳಿಯಂದ್ರುದೇ" ಎಂದು ಹಾಲಮ್ಮನವರು ತೀರ್ಪು ಕೊಟ್ಟರು.

ಬಕ್ಕೇಶಪ್ಪನವರು ಪೇರಲ ಹಣ್ಣನ್ನು ನೋಡುತ್ತ ನಿಂತರು. ಆ ಮುಖ ಕಂಡು ಹಾಲಮ್ಮನವರಿಗೆ ಪಾಪ ಅನ್ನಿಸಿರಬೇಕು. ಇಷ್ಟು ವರ್ಷ ತಡೆಹಿಡಿದಿದ್ದ ಪ್ರಶಸ್ತಿಯನ್ನು ಕೊನೆಗೂ ಕಿರಿಯ ಅಳಿಯನಿಗೆ ದಯಪಾಲಿಸಿದರು.

"ಆದ್ರೂ ಒಂದು ಮಾತು. ಇಳಿಸೋದ್ರಾಗ ನಿಮ್ಮ ಕಾರನ್ನ ಮೀರ್ಸೋದು ಇನ್ನೊಂದಿಲ್ಲ ಬಿಡ್ರಿ."