ಮಗಳ ಹಲ್ಲಿನ ಕ್ಲಿನಿಕ್ಕನ್ನು ಫೋನಿನಲ್ಲಿ ಮೇಲೆ ತಂದದ್ದು

ತಲೆ ತಗ್ಗಿಸುವಂಥ ಸಂಗತಿಗಳು ಶಿಸ್ತಿಲ್ಲದವರಿಗೆ ಮಾತ್ರ ಆಗುತ್ತವೆ ಎಂದು ಅರವತ್ತು ವರ್ಷ ನಂಬಿದ್ದೆ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಆಸ್ಪತ್ರೆಯ ಮೇಟ್ರನ್ ಆಗಿ ನಿವೃತ್ತಳಾದವಳು. ಮಗಳ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತ ಮೇಲೆ ಅವು ನನಗೂ ಬಿಡದೆ ಆಗುತ್ತಿವೆ.

ಅವಳು ಜೆಪ್ಪುವಿನಲ್ಲಿ ಕ್ಲಿನಿಕ್ ತೆರೆದು ಆರು ತಿಂಗಳಾದರೂ ಕುರ್ಚಿ ಖಾಲಿ. "ಈಗ ಯಾರೂ ಬೋರ್ಡ್ ನೋಡಿ ಬರುವುದಿಲ್ಲ ಮಮ್ಮಿ. ಫೋನಿನಲ್ಲಿ ಹುಡುಕಿ ಬರ್ತಾರೆ. ಹುಡುಕಿದರೆ ನಾವು ಎಲ್ಲರಿಗಿಂತ ಕೆಳಗೆ. ಕ್ರಿಸ್ಮಸ್ಸಿನೊಳಗೆ ಮೇಲೆ ಬಾರದಿದ್ದರೆ ಬಾಗಿಲು ಹಾಕಿ ಮಸ್ಕತ್ತಿಗೆ ಹೋಗ್ತೇನೆ" ಎಂದಳು.

ಒಬ್ಬಳೇ ಮಗಳು. "ಆ ಕೆಲಸ ನನಗೆ ಬಿಡು" ಎಂದೆ.

ನಕ್ಷೆಯ ಗುರುತು

ಮೊದಲು ಫೋನಿನ ನಕ್ಷೆಯಲ್ಲಿ ಕ್ಲಿನಿಕ್ಕಿನ ಜಾಗ ಗುರುತಿಸಬೇಕಿತ್ತು. ಪಡೀಲಿನ ನಮ್ಮ ಮನೆಯಲ್ಲಿ ಊಟದ ಮೇಜಿನ ಮುಂದೆ ಕೂತು, ಕನ್ನಡಕ ಒರೆಸಿ, 'ನಾನೀಗ ಇರುವ ಜಾಗ' ಎಂಬುದನ್ನು ಒತ್ತಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಕೆನ್ನೆ ಊದಿದವರೊಬ್ಬರು ನಮ್ಮ ಗೇಟು ತೆರೆದು ಬಂದರು. ಜಗಲಿಯಲ್ಲಿ ನನ್ನ ಗಂಡ ಹೆಗಲಿಗೆ ಬಿಳಿ ಟವೆಲ್ ಹಾಕಿ ಪೇಪರ್ ಓದುತ್ತಿದ್ದರು. ಬಂದವರು ಅವರ ಎದುರು ಕೂತು ಬಾಯಿ ತೆರೆದೇಬಿಟ್ಟರು. ನಾನು ಒಳಗಿನಿಂದ ಓಡಿ ಬರುವಷ್ಟರಲ್ಲಿ ಇವರು ಬಗ್ಗಿ ನೋಡಿ, "ಇದು ತೆಗೆಯಲೇಬೇಕು" ಎಂದಾಗಿತ್ತು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವರು.

ನನ್ನ ಉತ್ತರ

ಮಗಳು ಗುರುತನ್ನು ಜೆಪ್ಪುವಿಗೆ ಸರಿಸಿದ ಮೇಲೆ, ಒಬ್ಬ ಮಹಿಳೆ ಫೋನಿನಲ್ಲಿ ನಮಗೆ ನಾಲ್ಕು ನಕ್ಷತ್ರ ಕೊಟ್ಟು, 'ಡಾಕ್ಟರ್ ಒಳ್ಳೆಯವರು, ಸ್ವಲ್ಪ ಕಾಯಬೇಕಾಯಿತು' ಎಂದು ಬರೆದಿದ್ದರು. ಮೇಲೆ ಬರಬೇಕಾದರೆ ಎಲ್ಲ ಅಭಿಪ್ರಾಯಗಳಿಗೂ ಉತ್ತರಿಸಬೇಕಂತೆ. ನಾನು ಬರೆದೆ: 'ತಾವು ಬರಬೇಕಾದದ್ದು ಹತ್ತಕ್ಕೆ, ಬಂದದ್ದು ಹತ್ತೂ ಇಪ್ಪತ್ತೈದಕ್ಕೆ. ಸಮಯಪಾಲನೆ ಕಲಿಯಿರಿ.'

ಮಗಳು ಓದಿ, "ಮಮ್ಮಿ, ಇದು ವಾರ್ಡ್ ಅಲ್ಲ" ಎಂದಳು. ಸಂಜೆಗೆ ನಾಲ್ಕು ನಕ್ಷತ್ರ ಒಂದಾಗಿತ್ತು.

ಜಪಮಾಲೆಯ ನಂತರ

ಚರ್ಚಿನಲ್ಲಿ ನಮ್ಮ ಬೀದಿಯ ಮನೆಗಳ ಗುಂಪಿಗೆ ನಾನು ಗುರಿಕಾರ್ತಿ, ಅಂದರೆ ಮುಖ್ಯಸ್ಥೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಜಪಮಾಲೆ ಹೇಳುತ್ತೇವೆ. ಆ ತಿಂಗಳು ನಮ್ಮ ಮನೆ. ಪ್ರಾರ್ಥನೆ ಮುಗಿದದ್ದೇ, "ಯಾರೂ ಏಳಬೇಡಿ. ಫೋನ್ ತೆಗೆಯಿರಿ" ಎಂದೆ. ನಾನು ಹೇಳಿದೆ, ಅವರು ಬರೆದರು: 'ನೋವಿಲ್ಲದೆ ನನ್ನ ಹಲ್ಲು ಉಳಿಸಿದರು.' ಐದು ನಕ್ಷತ್ರ. ಆಮೇಲೆ ಕಾಫಿ.

ಹತ್ತು ನಿಮಿಷದಲ್ಲಿ ಮೂವತ್ತೊಂದು ಅಭಿಪ್ರಾಯ, ಒಂದಕ್ಷರ ವ್ಯತ್ಯಾಸವಿಲ್ಲ. ಬರೆದವರಲ್ಲಿ ನನ್ನ ಚಿಕ್ಕತ್ತೆಯೂ ಇದ್ದರು. ಅವರ ಬಾಯಲ್ಲಿ ಒಂದೂ ಹಲ್ಲಿಲ್ಲವೆಂದು ಇಡೀ ಚರ್ಚಿಗೆ ಗೊತ್ತು.

ಮರುದಿನ ಫೋನಿನಲ್ಲಿ ಅಭಿಪ್ರಾಯಗಳೂ ಇಲ್ಲ, ಕ್ಲಿನಿಕ್ಕೂ ಇಲ್ಲ. ನಕಲಿ ಎಂದು ನಕ್ಷೆಯ ಕಂಪೆನಿಯವರು ಎಲ್ಲವನ್ನೂ ತೆಗೆದುಹಾಕಿದ್ದರು. ಮಗಳು ಪಾಸ್‌ಪೋರ್ಟ್ ಹುಡುಕತೊಡಗಿದಳು. ತಪ್ಪು ನನ್ನದೇ; ಜೀವನದಲ್ಲಿ ಮೊದಲ ಸಲ ನಾನು ಬೈಯಲು ಬೇರೆ ಯಾರೂ ಸಿಗಲಿಲ್ಲ.

ಚಿಕ್ಕತ್ತೆ ಮಾತ್ರ, "ಎಂತ ಮಾರಾಯ್ತಿ, ಜಪಮಾಲೆಯಲ್ಲಿ ಅದೇ ಮಾತನ್ನು ಐವತ್ತು ಸಲ ಹೇಳಿದರೆ ಮಾತೆ ಮರಿಯಮ್ಮ ಕೇಳ್ತಾರೆ. ಇವರಿಗೆ ಮಾತ್ರ ಸಂಶಯವಾ?" ಎಂದರು.

ವಿಡಿಯೋ

ಕ್ಲಿನಿಕ್ ನಿಜವಾಗಿ ಉಂಟೆಂದು ತೋರಿಸಲು ಬೋರ್ಡು, ಬಾಗಿಲಿನ ಬೀಗ, ಒಳಗಿನ ಕುರ್ಚಿ ಇವುಗಳ ವಿಡಿಯೋ ಕಳಿಸಬೇಕಂತೆ. ನಾನೇ ಹಾಳು ಮಾಡಿದ್ದು, ನಾನೇ ಸರಿಮಾಡುತ್ತೇನೆಂದು ಹೊರಟೆ.

ಬೋರ್ಡು ಸರಿಯಾಗಿ ಬಂತು. ಬೀಗಕ್ಕೆ ಬಗ್ಗಿದಾಗ ಹಿಂದೆ ಯಾರೋ ನಮ್ಮ ಮೆಟ್ಟಿಲಿಗೆ ಎಲೆಅಡಿಕೆ ಉಗುಳಿದರು. ನಾನು ತಿರುಗಿದೆ. ಫೋನೂ ನನ್ನೊಟ್ಟಿಗೆ ತಿರುಗಿತು. ವಿಡಿಯೋದಲ್ಲಿ ಬಂದದ್ದು ಆ ಮನುಷ್ಯನ ಎರಡು ಚಪ್ಪಲಿ, ಕೆಂಪು ಕಲೆ, ಮತ್ತು ಮೂರು ನಿಮಿಷ ನನ್ನ ದನಿ: "ಇದು ಬಾಯಾ, ಚರಂಡಿಯಾ? ನಿಮ್ಮ ಹೆಂಡತಿ ಊಟಕ್ಕೆ ಎದುರು ಹೇಗೆ ಕೂರ್ತಾಳೆ? ಬಕೆಟ್ ಅಲ್ಲುಂಟು. ತೊಳೆಯಿರಿ. ಆ ಮೂಲೆ ಬಿಟ್ಟಿದ್ದೀರಿ!" ಕುರ್ಚಿ ಬರಲೇ ಇಲ್ಲ.

ಮತ್ತೆ ತೆಗೆದ ಒಳ್ಳೆಯ ವಿಡಿಯೋವನ್ನು ಕಂಪೆನಿಗೆ ಕಳಿಸಿದೆ. ಆದರೆ ಮೊದಲನೆಯದನ್ನು ಅಳಿಸುವ ಬದಲು ಬೇರೇನೋ ಒತ್ತಿ, ಕ್ಲಿನಿಕ್ಕಿನ ಹೆಸರಿನಲ್ಲಿ ಊರಿಗೆಲ್ಲ ಹಂಚಿಬಿಟ್ಟಿದ್ದೆ. ಬೆಳಗಾಗುವಾಗ ಮೀನು ಮಾರುವವಳ ಫೋನಿನಲ್ಲೂ ನನ್ನ ದನಿ. ಆ ಭಾನುವಾರ ಚರ್ಚಿನ ಪೂಜೆಗೆ ಹೋದವಳು ಕೊನೆಯ ಬೆಂಚಿನಲ್ಲಿ ಕೂತೆ.

ನಾಲ್ಕು ದಿನಗಳಲ್ಲಿ ಕ್ಲಿನಿಕ್ ನಕ್ಷೆಗೆ ಮರಳಿತು. ಊರವರೆಲ್ಲ ಆ ಹೆಸರನ್ನೇ ಹುಡುಕಿ ಹುಡುಕಿ, ವಾರ ಕಳೆಯುವುದರೊಳಗೆ ನಾವು ಎಲ್ಲರಿಗಿಂತ ಮೇಲೆ. ಮಗಳು ಪಾಸ್‌ಪೋರ್ಟನ್ನು ಕಪಾಟಿಗೆ ಹಾಕಿದಳು. ನನಗೆ ಮುಖ ಎತ್ತಲಾಗುತ್ತಿರಲಿಲ್ಲ.

ಮೊದಲು ಬಂದದ್ದು ಕಾಟಿಪಳ್ಳದ ದಂಪತಿ. ಗಂಡನ ಹಲ್ಲುಗಳೆಲ್ಲ ಕೆಂಪು. ಮಗಳು ಕೈಗವಸು ಹಾಕಿಕೊಂಡು, "ಬನ್ನಿ, ಕುರ್ಚಿಯಲ್ಲಿ ಕೂತ್ಕೊಳ್ಳಿ" ಎಂದು ಕರೆದಳು. ಹೆಂಡತಿ ಗಂಡನ ರಟ್ಟೆ ಹಿಡಿದು ಸೀದಾ ನನ್ನ ಕೌಂಟರಿಗೆ ಎಳೆತಂದಳು.

"ಹಲ್ಲು ಆಮೇಲೆ ನೋಡುವ ಡಾಕ್ಟ್ರೇ. ಮೊದಲು ಈ ಮೇಡಂ ಇವರಿಗೊಮ್ಮೆ ಬೈಯಲಿ. ಅದಕ್ಕೇ ಎರಡು ಬಸ್ ಹಿಡಿದು ಬಂದದ್ದು."